ಈಡು ಯಾರಿಗೆ ಸಂದಿತು? ವಾಷಿಂಗ್ಟನ್ ನಗರದ ವಿಮೋಚನಾ ದಿನ ಮತ್ತು ಸಭೆಯ ಸ್ಮರಣೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ರಾಜಧಾನಿಯಾದ ವಾಷಿಂಗ್ಟನ್ ನಗರವು ಪ್ರತಿವರ್ಷ ಏಪ್ರಿಲ್ 16ನ್ನು ವಿಮೋಚನಾ ದಿನವೆಂದು ಆಚರಿಸುತ್ತದೆ. 1862ರಲ್ಲಿ ಅದೇ ದಿನ ಅಧ್ಯಕ್ಷ ಅಬ್ರಹಾಂ ಲಿಂಕನ್ನರು ಕೊಲಂಬಿಯಾ ಜಿಲ್ಲೆಯ ವಿಮೋಚನಾ ಕಾಯಿದೆಗೆ ಸಹಿ ಹಾಕಿದರು. ಜಿಲ್ಲೆಯಲ್ಲಿ ದಾಸ್ಯದಲ್ಲಿದ್ದ ಸುಮಾರು 3,100 ಮಂದಿ ಇದರಿಂದ ಸ್ವತಂತ್ರರಾದರು. ಬಂಡಾಯವೆದ್ದ ದಕ್ಷಿಣದ ರಾಜ್ಯಗಳನ್ನು ಕುರಿತ ಪ್ರಸಿದ್ಧ ವಿಮೋಚನಾ ಘೋಷಣೆ ಹೊರಟದ್ದು ಎಂಟೂವರೆ ತಿಂಗಳ ನಂತರ, 1863ರ ಜನವರಿ 1ರಂದು. ದೇಶದಾದ್ಯಂತ ಗುಲಾಮಗಿರಿಯನ್ನು ನಿಷೇಧಿಸಿದ ಸಂವಿಧಾನದ ಹದಿಮೂರನೆಯ ತಿದ್ದುಪಡಿ ಊರ್ಜಿತವಾದದ್ದು 1865ರ ಡಿಸೆಂಬರಿನಲ್ಲಿ. ಹೀಗೆ ರಾಜಧಾನಿಯ ದಾಸರು ಆ ದೇಶದ ಕೇಂದ್ರ ಸರಕಾರದ ಕಾಯಿದೆಯಿಂದ ಬಿಡುಗಡೆ ಕಂಡ ಮೊದಲಿಗರು.

ಈ ಕಾಯಿದೆಯಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಲೇಬೇಕಾದ ಒಂದು ಅಂಶವಿದೆ. ಇದು ಹಣ ಕೊಟ್ಟು ಬಿಡಿಸಿದ ವಿಮೋಚನೆ. ನಮ್ಮ ಕನ್ನಡ ಸತ್ಯವೇದದ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಈಡು ತೆರಲಾಯಿತು. ಆ ಈಡು ದುಡಿದವರಿಗೆ ಸಲ್ಲದೆ ದುಡಿಸಿಕೊಂಡವರಿಗೆ ಸಂದಿತು. ಬಿಡುಗಡೆಯಾದವರೂ ಅವರ ಸಭೆಗಳೂ ಈ ಸಂಗತಿಯನ್ನು ಬಲ್ಲವರಾಗಿದ್ದೂ ದಿನವನ್ನು ಸಂತೋಷದಿಂದ ಆಚರಿಸಿದರು. ಆಚರಿಸುತ್ತಲೇ ಬಾಕಿ ಉಳಿದುದನ್ನು ಕೇಳಿದರು. ಇಂದು ಅದೇ ನಗರವು ತನಗೆ ರಾಜ್ಯದ ಸ್ಥಾನಮಾನ ಬೇಕೆಂದು ಕೇಳುತ್ತಿದೆ. ಕೃತಜ್ಞತೆಯೂ ಬಾಕಿಯ ನೆನಪೂ ಒಂದೇ ಸ್ಮರಣೆಯೊಳಗೆ ಹೇಗೆ ನಿಲ್ಲಬಲ್ಲವು ಎಂಬುದನ್ನು ಈ ಚರಿತ್ರೆಯಿಂದ ಕಲಿಯಲು ನಾವು ಯತ್ನಿಸೋಣ.

ಸಂಸತ್ ಭವನದ ನೆರಳಿನಲ್ಲಿ

ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ರಾಜ್ಯಗಳು ಬಿಟ್ಟುಕೊಟ್ಟ ನೆಲದ ಮೇಲೆ ಕೊಲಂಬಿಯಾ ಜಿಲ್ಲೆ ಹುಟ್ಟಿತು. ಎರಡೂ ಗುಲಾಮಗಿರಿಯನ್ನು ಮಾನ್ಯ ಮಾಡಿದ್ದ ರಾಜ್ಯಗಳು. ಅವುಗಳ ಕಾನೂನುಗಳೇ ಜಿಲ್ಲೆಯಲ್ಲಿಯೂ ಮುಂದುವರಿದವು. ಅಧ್ಯಕ್ಷರ ನಿವಾಸವಾದ ಶ್ವೇತಭವನವನ್ನೂ ಸಂಸತ್ ಭವನವಾದ ಕ್ಯಾಪಿಟಲನ್ನೂ ಕಟ್ಟುವಾಗ ದಾಸರನ್ನು ಅವರ ಯಜಮಾನರಿಂದ ಬಾಡಿಗೆಗೆ ಪಡೆಯಲಾಯಿತು. ದುಡಿದ ಕೂಲಿ ಯಜಮಾನರ ಪಾಲಾಯಿತು.

1801ರ ಕಾಯಿದೆಯೊಂದರಿಂದ ಜಿಲ್ಲೆಯು ಸಂಪೂರ್ಣವಾಗಿ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಅಧಿಕಾರಕ್ಕೆ ಒಳಪಟ್ಟಿತು. ಅಂದಿನಿಂದ ಅಲ್ಲಿನ ನಿವಾಸಿಗಳಿಗೆ ಕಾಂಗ್ರೆಸ್ಸಿಗೆ ಸದಸ್ಯರನ್ನು ಆರಿಸುವ ಹಕ್ಕು ಇಲ್ಲವಾಯಿತು. ಗುಲಾಮಗಿರಿಯ ವಿರೋಧಿಗಳಿಗೆ ಇದೇ ಒಂದು ಬಾಗಿಲನ್ನು ತೆರೆಯಿತು. ರಾಜ್ಯಗಳೊಳಗಿನ ಗುಲಾಮಗಿರಿಯನ್ನು ಮುಟ್ಟುವ ಅಧಿಕಾರ ಕಾಂಗ್ರೆಸ್ಸಿಗೆ ಇಲ್ಲವೆಂದು ಹೆಚ್ಚಿನವರು ಒಪ್ಪಿದ್ದ ಕಾಲವದು. ಆದರೆ ರಾಜಧಾನಿಯಲ್ಲಿ ಆ ಅಧಿಕಾರವಿತ್ತು. ಆದುದರಿಂದ ಮನವಿಗಳೆಲ್ಲ ಅತ್ತ ಹರಿದವು. 1828ರಲ್ಲಿ ಜಿಲ್ಲೆಯ ಸಾವಿರಕ್ಕೂ ಮಿಕ್ಕ ನಿವಾಸಿಗಳೇ ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗಾಣಿಸಬೇಕೆಂದು ಕೇಳಿಕೊಂಡರು. 1836ರಲ್ಲಿ ಪ್ರತಿನಿಧಿ ಸಭೆಯು ಇಂಥ ಮನವಿಗಳನ್ನು ಚರ್ಚೆಗೇ ತೆಗೆದುಕೊಳ್ಳದ ನಿಯಮವನ್ನು ಮಾಡಿಕೊಂಡಿತು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸರು ಹಟ ಹಿಡಿದು ಹೋರಾಡಿ 1844ರಲ್ಲಿ ಅದನ್ನು ತೆಗೆಸುವವರೆಗೆ ಆ ನಿಯಮ ಉಳಿಯಿತು.

ಸಭೆಗಳೂ ಈ ಪಾಪದಿಂದ ಹೊರಗಿರಲಿಲ್ಲ. ಗುಲಾಮಗಿರಿಯ ಪ್ರಶ್ನೆಯ ಮೇಲೆ 1844ರಲ್ಲಿ ಮೆಥೊಡಿಸ್ಟರೂ 1845ರಲ್ಲಿ ಬ್ಯಾಪ್ಟಿಸ್ಟರೂ ಉತ್ತರ ದಕ್ಷಿಣವೆಂದು ಒಡೆದುಹೋದರು. ಮೇರಿಲ್ಯಾಂಡಿನ ಯೇಸುಸಭೆಯ ಗುರುಗಳು 1838ರಲ್ಲಿ ತಮ್ಮ ತೋಟಗಳಲ್ಲಿದ್ದ 272 ಮಂದಿ ದಾಸರನ್ನು ಸುಮಾರು 1,15,000 ಡಾಲರಿಗೆ ಲೂಸಿಯಾನಾದವರಿಗೆ ಮಾರಿದರು. ಕುಟುಂಬಗಳನ್ನು ಅಗಲಿಸಬಾರದು, ಬಂದ ಹಣದಿಂದ ಸಾಲ ತೀರಿಸಬಾರದು ಎಂದು ರೋಮಿನಿಂದ ವಿಧಿಸಿದ್ದ ಷರತ್ತುಗಳು ಪಾಲನೆಯಾಗಲಿಲ್ಲ. ಹಣದ ಒಂದು ಪಾಲು ರಾಜಧಾನಿಯ ಜಾರ್ಜ್‌ಟೌನ್ ಕಾಲೇಜಿನ ಸಾಲಕ್ಕೆ ಹೋಯಿತು. ಮುಂದಿನ ವರ್ಷವೇ ಪೋಪ್ ಹದಿನಾರನೆಯ ಗ್ರೆಗೊರಿಯವರು ದಾಸವ್ಯಾಪಾರವನ್ನು ಖಂಡಿಸಿ ಪತ್ರ ಹೊರಡಿಸಿದರು. ಆ ಹೊತ್ತಿಗೆ ಮಾರಾಟವಾದವರು ದೂರದ ತೋಟಗಳನ್ನು ಸೇರಿದ್ದರು.

1848ರ ಏಪ್ರಿಲ್ 15ರ ರಾತ್ರಿ 77 ಮಂದಿ ದಾಸರು ಪರ್ಲ್ ಎಂಬ ಹಾಯಿಹಡಗನ್ನೇರಿ ರಾಜಧಾನಿಯಿಂದ ತಪ್ಪಿಸಿಕೊಳ್ಳಲು ಹೊರಟರು. ಪೊಟೊಮ್ಯಾಕ್ ನದಿಯ ಮುಖದ ಬಳಿ ಹಡಗು ಸಿಕ್ಕಿಬಿತ್ತು. ಹಲವರನ್ನು ದಕ್ಷಿಣದ ವ್ಯಾಪಾರಿಗಳಿಗೆ ಮಾರಲಾಯಿತು. ಅವರಲ್ಲಿ ಮೇರಿ ಮತ್ತು ಎಮಿಲಿ ಎಡ್ಮನ್‌ಸನ್ ಎಂಬ ಹದಿಹರೆಯದ ಸಹೋದರಿಯರಿದ್ದರು. ಅವರ ತಂದೆ ಪಾಲ್ ಎಡ್ಮನ್‌ಸನ್ ಉತ್ತರದ ಸಭೆಗಳ ಬಾಗಿಲು ತಟ್ಟಿದರು. ಬೋಧಕ ಹೆನ್ರಿ ವಾರ್ಡ್ ಬೀಚರರು ನ್ಯೂಯಾರ್ಕಿನಲ್ಲಿ ಸಭೆ ಸೇರಿಸಿ ಕಾಣಿಕೆ ಎತ್ತಿದರು. 2,250 ಡಾಲರು ಕೊಟ್ಟು ಇಬ್ಬರನ್ನೂ ಬಿಡಿಸಲಾಯಿತು. ವಿಶ್ವಾಸಿಗಳ ಪ್ರೀತಿಯ ಕಾಣಿಕೆ ಅಲ್ಲಿಯೂ ವ್ಯಾಪಾರಿಯ ಕೈಗೇ ಸಂದಿತು. ಬೇರೆ ದಾರಿಯಿರಲಿಲ್ಲ. ಇದೇ ರೀತಿ 1862ರ ಕಾಯಿದೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು.

ಕಾಯಿದೆ ಮತ್ತು ಬೆಲೆಪಟ್ಟಿ

1860ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 75,080. ಅದರಲ್ಲಿ ದಾಸರು 3,185, ಸ್ವತಂತ್ರರಾದ ಕಪ್ಪುಜನರು 11,131. ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ಸದಸ್ಯರು ಕಾಂಗ್ರೆಸ್ಸನ್ನು ತೊರೆದ ಮೇಲೆ ದಾರಿ ಸುಗಮವಾಯಿತು. 1861ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸಿನ ಸೆನೆಟರ್ ಹೆನ್ರಿ ವಿಲ್ಸನ್ನರು ಮಸೂದೆಯನ್ನು ಮಂಡಿಸಿದರು. 1862ರ ಏಪ್ರಿಲ್ 3ರಂದು ಸೆನೆಟ್ 29–14 ಮತಗಳಿಂದ ಅದನ್ನು ಅಂಗೀಕರಿಸಿತು. ಏಪ್ರಿಲ್ 11ರಂದು ಪ್ರತಿನಿಧಿ ಸಭೆಯೂ ಒಪ್ಪಿತು.

ಕಾಯಿದೆಯ ಏರ್ಪಾಡು ಹೀಗಿತ್ತು. ಸರಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಿದ ಯಜಮಾನರು ತೊಂಬತ್ತು ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಮೂವರು ಆಯುಕ್ತರು ವಿಚಾರಣೆ ನಡೆಸಿ, ಸರಾಸರಿ ತಲೆಗೆ 300 ಡಾಲರನ್ನು ಮೀರದಂತೆ ಪರಿಹಾರ ನಿಗದಿ ಮಾಡಬೇಕು. ಇದಕ್ಕಾಗಿ ಹತ್ತು ಲಕ್ಷ ಡಾಲರನ್ನು ತೆಗೆದಿರಿಸಲಾಯಿತು. ದೇಶವನ್ನೇ ಬಿಟ್ಟು ಹೈಟಿ, ಲೈಬೀರಿಯಾ ಮುಂತಾದ ಕಡೆಗೆ ಹೋಗಲು ಒಪ್ಪುವ ಕಪ್ಪುಜನರಿಗಾಗಿ, ತಲೆಗೆ 100 ಡಾಲರನ್ನು ಮೀರದಂತೆ, ಒಂದು ಲಕ್ಷ ಡಾಲರನ್ನು ಮೀಸಲಿಡಲಾಯಿತು. ಬಿಡುಗಡೆಯಾಗಿ ತಾನು ಹುಟ್ಟಿದ ಊರಿನಲ್ಲಿಯೇ ಬಾಳಲು ಬಯಸಿದವನಿಗೆ ಒಂದು ಕಾಸೂ ಇರಲಿಲ್ಲ.

ಒಂಬೈನೂರಕ್ಕೂ ಮಿಕ್ಕಿ ಅರ್ಜಿಗಳು ಬಂದವು. ಪ್ರತಿಯೊಂದರಲ್ಲಿಯೂ ದಾಸರ ಹೆಸರು, ವಯಸ್ಸು, ಮೈಕಟ್ಟು, ಕಸುಬು ಮತ್ತು ಕೇಳಿದ ಬೆಲೆ ನಮೂದಾಗಿದ್ದವು. ಬೆಲೆಯನ್ನು ನಿರ್ಣಯಿಸಲು ಆಯುಕ್ತರು ಬಾಲ್ಟಿಮೋರಿನ ಒಬ್ಬ ದಾಸವ್ಯಾಪಾರಿಯ ನೆರವನ್ನು ಪಡೆದರು. ಹೀಗೆ ದಾಸ್ಯವನ್ನು ಕೊನೆಗಾಣಿಸಿದ ಕಾಯಿದೆಯೇ ಮನುಷ್ಯರಿಗೆ ಕೊನೆಯ ಬಾರಿ ಬೆಲೆ ಕಟ್ಟಿಸಿತು. ಅರ್ಜಿದಾರರಲ್ಲಿ ಜಾರ್ಜ್‌ಟೌನಿನ ವಿಸಿಟೇಷನ್ ಕನ್ಯಾಮಠದ ಸಹೋದರಿಯರೂ ಇದ್ದರು.

ಎರಡು ಅರ್ಜಿಗಳನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ಕ್ಯಾಪಿಟಲಿನ ಗುಮ್ಮಟದ ಮೇಲೆ ಸ್ವಾತಂತ್ರ್ಯದ ಪ್ರತಿಮೆಯೊಂದು ನಿಂತಿದೆ. ಅದನ್ನು ಎರಕ ಹೊಯ್ದದ್ದು ಕ್ಲಾರ್ಕ್ ಮಿಲ್ಸ್ ಎಂಬವರ ಎರಕಶಾಲೆಯಲ್ಲಿ. ಅಲ್ಲಿ ದುಡಿದವರಲ್ಲಿ ಫಿಲಿಪ್ ರೀಡ್ ಎಂಬ ದಾಸನಿದ್ದನು. ವಾರದ ದಿನಗಳಲ್ಲಿ ಅವನು ದುಡಿದುದೆಲ್ಲ ಯಜಮಾನನಿಗೆ. ಭಾನುವಾರ ಅಚ್ಚುಗಳ ಕೆಳಗಿನ ಬೆಂಕಿಯನ್ನು ಕಾದುದಕ್ಕೆ ಮಾತ್ರ ದಿನಕ್ಕೆ 1.25 ಡಾಲರಿನಂತೆ ಅವನ ಕೈಗೆ ಕೂಲಿ ಬಂತು. 33 ಭಾನುವಾರಗಳಿಗೆ ಒಟ್ಟು 41.25 ಡಾಲರು. ಸಬ್ಬತ್ ದಿನದ ವಿಶ್ರಾಂತಿಯನ್ನು ದಾಸನಿಗೂ ದಾಸಿಗೂ ವಿಧಿಸಿದ ಆಜ್ಞೆಯನ್ನು ಓದುವ ಕ್ರೈಸ್ತ ನಗರದಲ್ಲಿ, ಒಬ್ಬ ದಾಸನು ತನ್ನದೆನ್ನಬಹುದಾದ ಕೂಲಿಯನ್ನು ಪಡೆಯಲು ಆ ವಿಶ್ರಾಂತಿಯನ್ನೇ ಬಿಡಬೇಕಾಯಿತು. 1862ರಲ್ಲಿ ಮಿಲ್ಸ್ ರೀಡನಿಗಾಗಿ 1,500 ಡಾಲರು ಕೇಳಿ 350.40 ಡಾಲರು ಪಡೆದನು. 1863ರ ಡಿಸೆಂಬರ್ 2ರಂದು ಪ್ರತಿಮೆ ಗುಮ್ಮಟವನ್ನೇರಿದಾಗ ಫಿಲಿಪ್ ರೀಡ್ ಸ್ವತಂತ್ರನಾಗಿದ್ದನು.

ಎರಡನೆಯ ಅರ್ಜಿ ಗೇಬ್ರಿಯಲ್ ಕೋಕ್ಲಿಯವರದು. ಅವರು ಸ್ವತಂತ್ರರಾಗಿದ್ದ ಕಪ್ಪುವರ್ಣದ ಕಥೋಲಿಕ ವಿಶ್ವಾಸಿ. ದುಡಿದು ಕೂಡಿಟ್ಟ ಹಣದಿಂದ ತಮ್ಮ ಹೆಂಡತಿ ಮಕ್ಕಳನ್ನು ಕೊಂಡು ಬಿಡಿಸಿಕೊಂಡಿದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಅವರೇ ತಮ್ಮ ಕುಟುಂಬದ ಯಜಮಾನರು. ಅದೇ ಕಾನೂನನ್ನು ಹಿಡಿದು ಅವರು ಎಂಟು ಮಂದಿಗಾಗಿ ಅರ್ಜಿ ಸಲ್ಲಿಸಿ 1,489.20 ಡಾಲರು ಪಡೆದರು. ಈಡು ತೆತ್ತವನಿಗೇ ಈಡು ಮರಳಿದ ಅಪರೂಪದ ಪ್ರಸಂಗವಿದು. ಇದೇ ಕೋಕ್ಲಿಯವರು ರಾಜಧಾನಿಯ ಕಪ್ಪು ಕಥೋಲಿಕರ ಸಂತ ಆಗಸ್ಟೀನರ ದೇವಾಲಯವನ್ನು ಕಟ್ಟಿದವರಲ್ಲಿ ಒಬ್ಬರು. ಅದರ ನಿಧಿಗಾಗಿ ಲಿಂಕನ್ನರ ಅನುಮತಿ ಪಡೆದು 1864ರ ಜುಲೈ 4ರಂದು ಶ್ವೇತಭವನದ ಆವರಣದಲ್ಲಿಯೇ ಸಂತೋಷಕೂಟವನ್ನು ನಡೆಸಿದರು.

1862ರ ಜುಲೈ 12ರಂದು ಪೂರಕ ಕಾಯಿದೆಯೊಂದು ಬಂತು. ಯಜಮಾನನು ಅರ್ಜಿ ಸಲ್ಲಿಸದಿದ್ದರೆ ದಾಸನೇ ತನ್ನ ಬಿಡುಗಡೆಗಾಗಿ ಅರ್ಜಿ ಸಲ್ಲಿಸಬಹುದೆಂದೂ, ಕಪ್ಪುಜನರ ಸಾಕ್ಷ್ಯವನ್ನು ಬಣ್ಣದ ಕಾರಣದಿಂದ ತಳ್ಳಿಹಾಕಬಾರದೆಂದೂ ಅದು ವಿಧಿಸಿತು. ಪರಿಹಾರದ ಪಟ್ಟಿಯಲ್ಲಿ ವಸ್ತುವಾಗಿದ್ದವರು ಇಲ್ಲಿ ಸಾಕ್ಷಿಗಳಾದರು. ಹಾಗಿದ್ದರೂ ಮೇರಿಲ್ಯಾಂಡಿನಿಂದ ರಾಜಧಾನಿಗೆ ಓಡಿಬಂದ ದಾಸರ ಮೇಲೆ ಪಲಾಯಿತರ ಕಾಯಿದೆಯ ಭಯ 1864ರಲ್ಲಿ ಅದು ರದ್ದಾಗುವವರೆಗೆ ತೂಗುತ್ತಲೇ ಇತ್ತು.

ಈಡಿನ ಪ್ರಶ್ನೆ

ಕ್ರಿಸ್ತನು ತನ್ನ ಪ್ರಾಣವನ್ನು ಅನೇಕರಿಗಾಗಿ ಈಡಾಗಿ ಕೊಟ್ಟನೆಂಬುದು ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಸಾಕ್ಷಿ. ಆ ಈಡು ಯಾರಿಗೆ ಸಂದಿತು ಎಂಬ ಪ್ರಶ್ನೆಯನ್ನು ಸಭಾಪಿತೃಗಳು ಎದುರಿಸಿದರು. ಮನುಷ್ಯನನ್ನು ಹಿಡಿದಿಟ್ಟಿದ್ದ ಸೈತಾನನಿಗೆ ಅದು ಸಂದಿತೆಂಬ ವಿವರಣೆಯನ್ನು ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗೊರಿ ಬೆಳೆಸಿದನು. ಅವನ ಸ್ನೇಹಿತನಾದ ನಾಜಿಯಾಂಜಸಿನ ಗ್ರೆಗೊರಿಗೆ ಆ ಮಾತು ಸಹಿಸಲಾಗಲಿಲ್ಲ. ದೋಚಿದವನೇ ಈಡನ್ನು ಪಡೆಯುವುದು, ಅದೂ ಅಷ್ಟು ದೊಡ್ಡ ಈಡನ್ನು ಪಡೆಯುವುದು, ನಾಚಿಕೆಗೇಡೆಂದು ಅವನು ತನ್ನ ಪಸ್ಕದ ಪ್ರಸಂಗದಲ್ಲಿ ವಾದಿಸಿದನು.

ತರಗತಿಯಲ್ಲಿ ಇದನ್ನು ನಾವು ಪ್ರಾಯಶ್ಚಿತ್ತದ ಸಿದ್ಧಾಂತಗಳೆಂಬ ಶೀರ್ಷಿಕೆಯಡಿ ಓದಿ ಮುಗಿಸುತ್ತೇವೆ. 1862ರ ವಾಷಿಂಗ್ಟನ್ನಿನಲ್ಲಿ ಅದು ಸರಕಾರದ ಖಜಾನೆಯ ಲೆಕ್ಕವಾಗಿತ್ತು. ಆ ಪ್ರಶ್ನೆಯ ಎರಡೂ ಬದಿಗಳಿಗೆ ಅಲ್ಲಿ ಬಲವಿದೆ. ಪರಿಹಾರವಿಲ್ಲದ ಕಾಯಿದೆ ಆ ಏಪ್ರಿಲಿನಲ್ಲಿ ಅಂಗೀಕಾರವಾಗುವುದು ಕಷ್ಟವಿತ್ತು. ಖಾಸಗಿ ಆಸ್ತಿಯನ್ನು ಪರಿಹಾರವಿಲ್ಲದೆ ಕಿತ್ತುಕೊಳ್ಳಬಾರದೆಂಬ ಸಂವಿಧಾನದ ವಿಧಿಯನ್ನು ಯಜಮಾನರು ಮುಂದೊಡ್ಡುತ್ತಿದ್ದರು. ಗುಲಾಮಗಿರಿಯನ್ನು ಉಳಿಸಿಕೊಂಡೂ ಒಕ್ಕೂಟದಲ್ಲಿಯೇ ಇದ್ದ ಗಡಿರಾಜ್ಯಗಳು ಇದೇ ದಾರಿಯನ್ನು ಹಿಡಿಯಲೆಂದು ಲಿಂಕನ್ನರು ಆಶಿಸಿದ್ದರು, ಅವು ಹಿಡಿಯಲಿಲ್ಲ. ಸಂಕೋಲೆಯಲ್ಲಿರುವವನು ಬೀಗದ ಕೈಗೆ ತೆತ್ತ ಹಣ ಯಾರ ಜೇಬು ಸೇರಿತೆಂದು ಮೊದಲು ಕೇಳುವುದಿಲ್ಲ. ಇದು ನಿಸ್ಸಾದ ಗ್ರೆಗೊರಿಯ ಬದಿ.

ಆದರೆ ಅದೇ ನಿಸ್ಸಾದ ಗ್ರೆಗೊರಿ ಪ್ರಸಂಗಿಯ ಗ್ರಂಥವನ್ನು ಕುರಿತ ನಾಲ್ಕನೆಯ ಉಪದೇಶದಲ್ಲಿ ದಾಸರನ್ನು ಇಟ್ಟುಕೊಳ್ಳುವುದನ್ನೇ ನೇರವಾಗಿ ಖಂಡಿಸಿದ್ದಾನೆ. ದೇವರ ಸ್ವರೂಪದಲ್ಲಿ ಉಂಟಾದವನಿಗೆ ಎಷ್ಟು ಬೆಲೆ ಕಟ್ಟಬಲ್ಲಿರಿ ಎಂಬುದು ಅಲ್ಲಿ ಅವನ ವಾದದ ತಿರುಳು. ಬಾಲ್ಟಿಮೋರಿನ ವ್ಯಾಪಾರಿ ಕಟ್ಟಿದ ಬೆಲೆಗಳ ಪಟ್ಟಿಯನ್ನು ಈ ಉಪದೇಶದ ಪಕ್ಕದಲ್ಲಿಟ್ಟು ಓದಿದರೆ ಉತ್ತರ ಬೇರೆ ಬೇಕಾಗುವುದಿಲ್ಲ.

ಇದಕ್ಕಿಂತಲೂ ನೇರವಾದ ಮಾತು ಧರ್ಮಶಾಸ್ತ್ರದಲ್ಲಿಯೇ ಇದೆ. ಧರ್ಮೋಪದೇಶಕಾಂಡದ ಹದಿನೈದನೆಯ ಅಧ್ಯಾಯವು ಏಳನೆಯ ವರ್ಷದಲ್ಲಿ ದಾಸನನ್ನು ಬಿಡುವಾಗ ಬರಿಗೈಯಲ್ಲಿ ಕಳುಹಿಸಬಾರದೆಂದು ಆಜ್ಞಾಪಿಸುತ್ತದೆ. ಹಿಂಡಿನಿಂದಲೂ ಕಣದಿಂದಲೂ ದ್ರಾಕ್ಷೆಯ ಆಲೆಯಿಂದಲೂ ಅವನಿಗೆ ಧಾರಾಳವಾಗಿ ಕೊಡಬೇಕು. ಐಗುಪ್ತದಲ್ಲಿ ಇಸ್ರಾಯೇಲ್ಯರು ದಾಸರಾಗಿದ್ದುದನ್ನು ನೆನೆಯುವುದೇ ಈ ಆಜ್ಞೆಗೆ ಕಾರಣ. ಐಗುಪ್ತದಿಂದ ಹೊರಟವರೂ ಬೆಳ್ಳಿಬಂಗಾರದ ಒಡವೆಗಳನ್ನು ಪಡೆದೇ ಹೊರಟರೆಂದು ವಿಮೋಚನಕಾಂಡ ಹೇಳುತ್ತದೆ. ವಾಷಿಂಗ್ಟನ್ನಿನಲ್ಲಿ ಬೆಳ್ಳಿ ಫರೋಹನ ಪಾಲಾಯಿತು, ಹೊರಟವರು ಬರಿಗೈಯವರು.

ಪೌಲನು ಫಿಲೆಮೋನನಿಗೆ ಬರೆದ ಪತ್ರಿಕೆಯನ್ನು ಇದಕ್ಕೆ ಎದುರಾಗಿ ಯಾರಾದರೂ ಮುಂದಿಡಬಹುದು. ಒನೇಸಿಮನಿಂದ ಯಜಮಾನನಿಗೆ ಆದ ನಷ್ಟವನ್ನು ತಾನೇ ತೀರಿಸುವೆನೆಂದು ಅಪೊಸ್ತಲನು ಒಪ್ಪಿಕೊಳ್ಳುವುದಿಲ್ಲವೇ? ಹೌದು. ಆದರೆ ಪೌಲನು ಆ ಮಾತಿನಿಂದ ಲೆಕ್ಕವನ್ನು ಮುಚ್ಚುವುದಿಲ್ಲ. ಒನೇಸಿಮನನ್ನು ಪ್ರಿಯ ಸಹೋದರನೆಂದು, ತನ್ನನ್ನೇ ಸೇರಿಸಿಕೊಂಡಂತೆ ಸೇರಿಸಿಕೊಳ್ಳಬೇಕೆಂದು ಕೇಳುತ್ತಾನೆ. ಅಲ್ಲಿ ಹಣದ ಮಾತು ಸಹೋದರತ್ವಕ್ಕೆ ದಾರಿ ಮಾಡುತ್ತದೆ. 1862ರ ಕಾಯಿದೆಯು ಹಣ ಕೊಟ್ಟು, ಸಹೋದರನು ಸಾಧ್ಯವಾದರೆ ಹಡಗನ್ನೇರಿ ದೂರ ಹೋಗಲೆಂದು ಬಯಸಿತು.

ಬಿಡುಗಡೆಯಾದವರ ಸಭೆ

ಕಾಂಗ್ರೆಸ್ಸು ಮಸೂದೆಯನ್ನು ಅಂಗೀಕರಿಸಿದ ಮೇಲೂ ಲಿಂಕನ್ನರ ಸಹಿ ಬೀಳಲು ಕೆಲವು ದಿನಗಳು ಹಿಡಿದವು. ಏಪ್ರಿಲ್ 14ರಂದು ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯ ಬಿಷಪ್ ಡೇನಿಯಲ್ ಅಲೆಕ್ಸಾಂಡರ್ ಪೇನರು ಶ್ವೇತಭವನಕ್ಕೆ ಹೋಗಿ ಸಹಿ ಹಾಕುವಂತೆ ಅಧ್ಯಕ್ಷರನ್ನು ಕೇಳಿಕೊಂಡರು. ತಮ್ಮ ಜನರು ಅಧ್ಯಕ್ಷರಿಗಾಗಿ ಪ್ರಾರ್ಥಿಸುತ್ತಿರುವುದನ್ನು ತಿಳಿಸಿದರು. ಲಿಂಕನ್ನರು ಮಾತು ಕೊಡಲಿಲ್ಲ. ಎರಡು ದಿನಗಳ ಬಳಿಕ ಸಹಿ ಹಾಕಿದರು.

ಪೇನರ ಬಾಳು ನಮ್ಮ ಓದುಗರಿಗೆ ತಿಳಿದಿರಬೇಕಾದುದು. 1811ರಲ್ಲಿ ಚಾರ್ಲ್ಸ್‌ಟನ್ನಿನಲ್ಲಿ ಸ್ವತಂತ್ರ ತಂದೆತಾಯಿಗಳಿಗೆ ಹುಟ್ಟಿದ ಅವರು ತಾರುಣ್ಯದಲ್ಲಿಯೇ ಕಪ್ಪುಮಕ್ಕಳಿಗಾಗಿ ಶಾಲೆಯನ್ನು ನಡೆಸಿದರು. ಅಂಥ ಶಾಲೆಗಳನ್ನು ನಿಷೇಧಿಸಿ ದಕ್ಷಿಣ ಕೆರೊಲಿನಾ ಮಾಡಿದ ಕಾನೂನಿನಿಂದ 1835ರಲ್ಲಿ ಅದು ಮುಚ್ಚಿತು. ಅವರು ಉತ್ತರಕ್ಕೆ ಹೋಗಿ ಗೆಟ್ಟಿಸ್‌ಬರ್ಗಿನ ಲೂಥರನ್ ಸೆಮಿನರಿಯಲ್ಲಿ ಓದಿ, 1852ರಲ್ಲಿ ಬಿಷಪ್ಪರಾದರು. ಮುಂದೆ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯದ ಅಧ್ಯಕ್ಷರೂ ಆದರು. ಕಲಿಸಿದ್ದಕ್ಕಾಗಿ ಊರು ಬಿಡಬೇಕಾದವರು ಕಲಿಕೆಯನ್ನೇ ತಮ್ಮ ಸೇವೆಯ ನಡುಗಂಬವಾಗಿ ಮಾಡಿಕೊಂಡರು.

ಆ ಏಪ್ರಿಲಿನಲ್ಲಿ ಪೇನರು ಈಡು ತೆತ್ತು ಬಿಡಿಸಲ್ಪಟ್ಟವರನ್ನು ಸ್ವಾಗತಿಸುವ ಪ್ರಸಂಗವೊಂದನ್ನು ಪ್ರಕಟಿಸಿದರು. ಆರಿಸಿಕೊಂಡ ಭಾಗ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಎರಡನೆಯ ಅಧ್ಯಾಯದ ಆರಂಭ; ಅಧಿಕಾರದಲ್ಲಿರುವವರಿಗಾಗಿಯೂ ಎಲ್ಲ ಮನುಷ್ಯರಿಗಾಗಿಯೂ ಪ್ರಾರ್ಥಿಸಬೇಕೆನ್ನುವ ಭಾಗ. ಬಿಡುಗಡೆಯಾದವರು ದುಡಿಯಬೇಕು, ಮಕ್ಕಳಿಗೆ ವಿದ್ಯೆ ಕೊಡಿಸಬೇಕು, ಆಳುವವರಿಗಾಗಿ ಪ್ರಾರ್ಥಿಸಬೇಕು ಎಂದು ಅವರು ಬೋಧಿಸಿದರು. ಇಂದಿನ ಕಿವಿಗೆ ಇದು ತುಂಬ ಮೆತ್ತಗಿನ ಬೋಧನೆಯಾಗಿ ಕೇಳಿಸಬಹುದು. ಆದರೆ ಅಧ್ಯಕ್ಷನಿಗಾಗಿ ಪ್ರಾರ್ಥಿಸಿದ ಬಾಯಿಯೇ ಅಧ್ಯಕ್ಷನ ಮುಂದೆ ನಿಂತು ಸಹಿಯನ್ನು ಕೇಳಿತ್ತೆಂಬುದನ್ನು ನಾವು ಮರೆಯಬಾರದು. ಆಳುವವರಿಗಾಗಿ ಪ್ರಾರ್ಥಿಸುವುದೆಂದರೆ ಅವರ ಹೊಣೆಯನ್ನು ದೇವರ ಮುಂದೆಯೂ ಅವರ ಮುಂದೆಯೂ ಹೆಸರಿಸುವುದು.

1866ರ ಏಪ್ರಿಲ್ 19ರಂದು ಮೊದಲ ದೊಡ್ಡ ಮೆರವಣಿಗೆ ನಡೆಯಿತು. ಸುಮಾರು ಐದು ಸಾವಿರ ಕಪ್ಪುಜನರು ನಗರದ ಬೀದಿಗಳಲ್ಲಿ ನಡೆದರು; ಶ್ವೇತಭವನದ ಬಳಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ನರು ಅವರನ್ನುದ್ದೇಶಿಸಿ ಮಾತಾಡಿದರು. ಮೆರವಣಿಗೆಯ ಫಲಕಗಳಲ್ಲಿ ಕೃತಜ್ಞತೆಯೊಂದಿಗೆ ಮತದಾನದ ಹಕ್ಕಿನ ಬೇಡಿಕೆಯೂ ಇತ್ತು. ಮೆರವಣಿಗೆಗಳು ಶತಮಾನದ ಕೊನೆಯವರೆಗೆ ವರ್ಷವರ್ಷವೂ ನಡೆದವು. ದಾಸ್ಯದಿಂದ ತಪ್ಪಿಸಿಕೊಂಡು ಬಂದು ಜಗತ್ಪ್ರಸಿದ್ಧ ವಾಗ್ಮಿಯಾದ ಫ್ರೆಡರಿಕ್ ಡಗ್ಲಸರು ಹಲವು ಬಾರಿ ಈ ದಿನದ ಭಾಷಣ ಮಾಡಿದರು. 1888ರ ಭಾಷಣದಲ್ಲಿ, ದಕ್ಷಿಣದ ಕಪ್ಪು ಬೇಸಾಯಗಾರರು ಸಾಲ ಮತ್ತು ಮೋಸದ ಲೆಕ್ಕಗಳಲ್ಲಿ ಸಿಕ್ಕಿಬಿದ್ದುದನ್ನು ಕಂಡುಬಂದ ಅವರು, ನಡೆದಿರುವ ವಿಮೋಚನೆ ಒಂದು ಮಹಾವಂಚನೆಯೆಂದು ಉತ್ಸವದ ವೇದಿಕೆಯಿಂದಲೇ ಹೇಳಿದರು.

ಮತವಿಲ್ಲದ ರಾಜಧಾನಿ

ಇನ್ನು ನಗರದ ಇಂದಿನ ಬೇಡಿಕೆಗೆ ಬರೋಣ. ಇಲ್ಲಿ ಎಚ್ಚರದಿಂದ ಹೆಜ್ಜೆ ಇಡಬೇಕಾಗಿದೆ. ಏಕೆಂದರೆ ಈ ಕಥೆಯಲ್ಲಿ ಸ್ಥಳೀಯ ಸ್ವಯಮಾಡಳಿತವು ಯಾವಾಗಲೂ ನ್ಯಾಯದ ಪಕ್ಷದಲ್ಲಿ ನಿಲ್ಲಲಿಲ್ಲ. 1862ರಲ್ಲಿ ನಗರದ ಬಿಳಿಯರ ಆಡಳಿತ ಮಂಡಳಿ ವಿಮೋಚನೆಯನ್ನು ವಿರೋಧಿಸಿ ಕಾಂಗ್ರೆಸ್ಸಿಗೆ ಮನವಿ ಮಾಡಿತ್ತು. 1865ರ ಡಿಸೆಂಬರಿನಲ್ಲಿ ಕಪ್ಪುಜನರಿಗೆ ಮತದಾನದ ಹಕ್ಕು ಬೇಕೇ ಎಂದು ಕೇಳಿದಾಗ ವಾಷಿಂಗ್ಟನ್ನಿನ ಬಿಳಿಯ ಮತದಾರರಲ್ಲಿ 6,591 ಮಂದಿ ಬೇಡವೆಂದರು, 35 ಮಂದಿ ಬೇಕೆಂದರು. ಆದರೂ ಕಾಂಗ್ರೆಸ್ಸು 1867ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ನರ ತಡೆಯನ್ನು ಮೀರಿ ಜಿಲ್ಲೆಯ ಕಪ್ಪು ಪುರುಷರಿಗೆ ಆ ಹಕ್ಕನ್ನು ಕೊಟ್ಟಿತು. ನಗರವು ಆರಿಸದ ಕಾಂಗ್ರೆಸ್ಸೇ ದಾಸರನ್ನು ಬಿಡಿಸಿತು, ಮತವನ್ನೂ ಕೊಟ್ಟಿತು.

ಅದೇ ಕಾಂಗ್ರೆಸ್ಸು 1874ರಲ್ಲಿ ಎಲ್ಲರಿಂದಲೂ ಮತವನ್ನು ಕಿತ್ತುಕೊಂಡಿತು. ನಗರದ ಆಡಳಿತ ಸಾಲದಲ್ಲಿ ಮುಳುಗಿದ್ದು ಒಂದು ಕಾರಣ; ಕಪ್ಪುಜನರ ಮತ ಇನ್ನೊಂದು. 1890ರಲ್ಲಿ ಅಲಬಾಮದ ಸೆನೆಟರ್ ಜಾನ್ ಟೈಲರ್ ಮಾರ್ಗನ್ ಸೆನೆಟಿನಲ್ಲಿಯೇ ಈ ಎರಡನೆಯ ಕಾರಣವನ್ನು ಮುಚ್ಚುಮರೆಯಿಲ್ಲದೆ ವಿವರಿಸಿದನು. ಇಲಿಗಳ ಕಾಟ ತಪ್ಪಿಸಲು ಕಣಜವನ್ನೇ ಸುಡಬೇಕಾಯಿತೆಂಬುದು ಅವನ ಹೋಲಿಕೆ. ಇಲಿಗಳೆಂದರೆ ಕಪ್ಪು ಮತದಾರರು. ನಗರವನ್ನು ಅಧ್ಯಕ್ಷರು ನೇಮಿಸಿದ ಆಯುಕ್ತರು ಸುಮಾರು ತೊಂಬತ್ತು ವರ್ಷ ಆಳಿದರು.

ಮುಂದಿನ ಹೆಜ್ಜೆಗಳು ನಿಧಾನವಾದುವು. 1961ರ ಇಪ್ಪತ್ತಮೂರನೆಯ ತಿದ್ದುಪಡಿಯಿಂದ ನಗರದವರು ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಾದರು. 1971ರಲ್ಲಿ ಬ್ಯಾಪ್ಟಿಸ್ಟ್ ಸಭಾಪಾಲಕರಾದ ವಾಲ್ಟರ್ ಫಾಂಟ್ರಾಯ್ ಪ್ರತಿನಿಧಿ ಸಭೆಗೆ ನಗರದ ಪ್ರತಿನಿಧಿಯಾಗಿ ಆರಿಸಿ ಬಂದರು. ಅಂತಿಮ ಮತದಾನದಲ್ಲಿ ಅವರಿಗೆ ಮತವಿರಲಿಲ್ಲ, ಅವರ ಸ್ಥಾನದಲ್ಲಿ ಬಂದವರಿಗೂ ಇಲ್ಲ. 1973ರ ಕಾಯಿದೆಯಿಂದ ಮೇಯರನ್ನೂ ನಗರ ಪರಿಷತ್ತನ್ನೂ ಆರಿಸುವ ಹಕ್ಕು ಮರಳಿತು. ಆದರೆ ಪರಿಷತ್ತಿನ ಕಾಯಿದೆಗಳನ್ನು ಕಾಂಗ್ರೆಸ್ಸು ಇಂದಿಗೂ ತಳ್ಳಿಹಾಕಬಹುದು. 2023ರಲ್ಲಿ ನಗರದ ಅಪರಾಧ ಸಂಹಿತೆಯ ಪರಿಷ್ಕರಣೆಯನ್ನು ಹಾಗೆಯೇ ತಳ್ಳಿಹಾಕಿತು. ನಮ್ಮ ದೆಹಲಿಯೂ ಪೂರ್ಣ ರಾಜ್ಯವಲ್ಲ. ಆದರೂ ಅಲ್ಲಿನ ಮತದಾರರು ಲೋಕಸಭೆಗೆ ಮತಾಧಿಕಾರವುಳ್ಳ ಏಳು ಸದಸ್ಯರನ್ನು ಕಳುಹಿಸುತ್ತಾರೆ. ವಾಷಿಂಗ್ಟನ್ನಿನ ನಿವಾಸಿಗಳಿಗೆ ಅಷ್ಟೂ ಇಲ್ಲ. ಕೇಂದ್ರ ತೆರಿಗೆಯನ್ನು ಮಾತ್ರ ಅವರು ಎಲ್ಲರಂತೆ ತೆರುತ್ತಾರೆ.

2016ರ ಜನಮತದಲ್ಲಿ ಶೇಕಡ 85ಕ್ಕೂ ಹೆಚ್ಚು ಮತದಾರರು ರಾಜ್ಯದ ಸ್ಥಾನಮಾನವನ್ನು ಬೆಂಬಲಿಸಿದರು. ಕ್ಯಾಪಿಟಲ್, ಶ್ವೇತಭವನ ಮೊದಲಾದ ಕೇಂದ್ರ ಭಾಗವನ್ನು ಪ್ರತ್ಯೇಕವಾಗಿ ಉಳಿಸಿ, ಮಿಕ್ಕ ನಗರವನ್ನು ಡಗ್ಲಸರ ಹೆಸರನ್ನೂ ಸೇರಿಸಿಕೊಂಡ ಹೊಸ ರಾಜ್ಯವನ್ನಾಗಿ ಮಾಡುವ ಮಸೂದೆಯನ್ನು ಪ್ರತಿನಿಧಿ ಸಭೆ 2020ರ ಜೂನ್ 26ರಂದು 232–180 ಮತಗಳಿಂದಲೂ 2021ರ ಏಪ್ರಿಲ್ 22ರಂದು 216–208 ಮತಗಳಿಂದಲೂ ಅಂಗೀಕರಿಸಿತು. ಸೆನೆಟಿನಲ್ಲಿ ಅದು ಮುಂದುವರಿಯಲಿಲ್ಲ. ರಾಜಧಾನಿಯು ಯಾವ ರಾಜ್ಯಕ್ಕೂ ಸೇರಬಾರದೆಂಬುದು ಸಂವಿಧಾನಕರ್ತರ ಆಶಯವೆಂದೂ, ಬೇಕಾದರೆ ನಗರದ ವಸತಿ ಭಾಗ ಮೇರಿಲ್ಯಾಂಡಿಗೆ ಮರಳಲಿ ಎಂದೂ ವಿರೋಧಿಗಳು ಹೇಳುತ್ತಾರೆ. ಎರಡು ಹೊಸ ಸೆನೆಟ್ ಸ್ಥಾನಗಳು ಯಾವ ಪಕ್ಷಕ್ಕೆ ಹೋಗುವುವೆಂಬ ಲೆಕ್ಕಾಚಾರವೂ ಎರಡೂ ಕಡೆ ಇದೆ. 2020ರ ಜನಗಣತಿಯಂತೆ ಅಲ್ಲಿ 6,89,545 ಮಂದಿ ಇದ್ದಾರೆ. ವಯೋಮಿಂಗ್ ಮತ್ತು ವರ್ಮಾಂಟ್ ರಾಜ್ಯಗಳ ಜನಸಂಖ್ಯೆ ಇದಕ್ಕಿಂತ ಕಡಿಮೆ.

ಸಂವಿಧಾನದ ಈ ವಾದವನ್ನು ಇತ್ಯರ್ಥಪಡಿಸುವುದು ದೈವಶಾಸ್ತ್ರದ ಪತ್ರಿಕೆಯ ಕೆಲಸವಲ್ಲ. ಆದರೆ ಈ ಚರಿತ್ರೆ ನಮಗೆ ಒಂದನ್ನು ಕಲಿಸುತ್ತದೆ. ದೂರದ ಅಧಿಕಾರವಾಗಲಿ ಹತ್ತಿರದ ಬಹುಮತವಾಗಲಿ ತನ್ನಷ್ಟಕ್ಕೆ ಪವಿತ್ರವಲ್ಲ. 1865ರ ಸ್ಥಳೀಯ ಮತ ಅನ್ಯಾಯವಾದದ್ದು ಅದರ ಫಲಿತಾಂಶದಿಂದ ಮಾತ್ರವಲ್ಲ. ಯಾರ ಬಾಳನ್ನು ನಿರ್ಣಯಿಸಲಾಗುತ್ತಿತ್ತೋ ಅವರಿಗೇ ಅಲ್ಲಿ ಮತವಿರಲಿಲ್ಲ. 1874ರ ಕೇಂದ್ರದ ತೀರ್ಮಾನಕ್ಕೂ ಇದೇ ಮಾತು ಸಲ್ಲುತ್ತದೆ. ಯಾವ ಅಧಿಕಾರದ ಮುಂದೆಯೂ ಸಭೆ ಕೇಳಬೇಕಾದುದು ಇದು: ಇಲ್ಲಿ ಯಾರ ವಿಷಯ ತೀರ್ಮಾನವಾಗುತ್ತಿದೆ, ಅವರು ಇಲ್ಲಿ ಕುಳಿತಿದ್ದಾರೆಯೇ?

ಸ್ಮರಣೆಯೆಂಬ ಸೇವೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೆರವಣಿಗೆಗಳು ನಿಂತುಹೋದವು. ದಿನವು ಬಹುಮಟ್ಟಿಗೆ ಮರೆತುಹೋಯಿತು. 1990ರ ದಶಕದಲ್ಲಿ ಲೊರೆಟ್ಟಾ ಕಾರ್ಟರ್ ಹೇನ್ಸ್ ಎಂಬ ಮಹಿಳೆ ವರ್ಷವರ್ಷವೂ ಹೂಮಾಲೆಯರ್ಪಿಸುವ ಸರಳ ಕಾರ್ಯಕ್ರಮದಿಂದ ಅದನ್ನು ಮತ್ತೆ ಜನರ ನೆನಪಿಗೆ ತಂದರು. 2002ರಲ್ಲಿ ಮೆರವಣಿಗೆ ಮರಳಿತು. 2005ರ ಜನವರಿಯಲ್ಲಿ ಮೇಯರ್ ಆಂಥೊನಿ ವಿಲಿಯಮ್ಸರು ಏಪ್ರಿಲ್ 16ನ್ನು ಸಾರ್ವಜನಿಕ ರಜೆಯಾಗಿಸುವ ಕಾಯಿದೆಗೆ ಸಹಿ ಹಾಕಿದರು. ತೆರಿಗೆಯ ಲೆಕ್ಕ ಸಲ್ಲಿಸಲು ದೇಶಕ್ಕೆಲ್ಲ ಕೊನೆಯ ದಿನವಾದ ಏಪ್ರಿಲ್ 15 ಕೆಲವು ವರ್ಷಗಳಲ್ಲಿ ಈ ರಜೆಯ ಕಾರಣದಿಂದ ಮುಂದೆ ಹೋಗುತ್ತದೆ. ಕಾಂಗ್ರೆಸ್ಸಿನಲ್ಲಿ ಮತವಿಲ್ಲದ ನಗರದ ಸ್ಮರಣೆಗೆ ಆ ವರ್ಷಗಳಲ್ಲಿ ಇಡೀ ದೇಶದ ತೆರಿಗೆದಾರರು ಕಾಯುತ್ತಾರೆ.

2017ರ ಏಪ್ರಿಲ್ 18ರಂದು, ವಿಮೋಚನಾ ದಿನದ ವಾರದಲ್ಲಿಯೇ, ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಪಶ್ಚಾತ್ತಾಪದ ಆರಾಧನೆ ನಡೆಯಿತು. 1838ರಲ್ಲಿ ಮಾರಾಟವಾದವರ ವಂಶಸ್ಥರ ಮುಂದೆ ಯೇಸುಸಭೆಯ ಪರವಾಗಿ ಕ್ಷಮೆ ಕೇಳಲಾಯಿತು. ಮಾರಾಟವನ್ನು ನಡೆಸಿದ ಗುರುವಿನ ಹೆಸರಿದ್ದ ಕಟ್ಟಡಕ್ಕೆ ಮಾರಾಟದ ಪತ್ರದಲ್ಲಿ ಮೊದಲು ನಮೂದಾಗಿದ್ದ ಐಸಾಕ್ ಹಾಕಿನ್ಸ್ ಎಂಬ ದಾಸನ ಹೆಸರನ್ನು ಇಡಲಾಯಿತು. ಬೆಲೆಪಟ್ಟಿಯಲ್ಲಿದ್ದ ಹೆಸರು ಕಟ್ಟಡದ ಹೆಬ್ಬಾಗಿಲಿಗೆ ಬಂತು. ಇದು ಆರಂಭ, ಧರ್ಮೋಪದೇಶಕಾಂಡದ ಕಣ ಮತ್ತು ಹಿಂಡಿನ ಮಾತು ಇನ್ನೂ ಮುಂದಿದೆ.

ಸತ್ಯವೇದದಲ್ಲಿ ಸ್ಮರಣೆಯೆಂದರೆ ಹಿಂದಿನದನ್ನು ಸುಮ್ಮನೆ ಮನಸ್ಸಿಗೆ ತಂದುಕೊಳ್ಳುವುದಲ್ಲ. ಪಸ್ಕದ ಮೇಜಿನಲ್ಲಿ ಕಹಿಯಾದ ಪಲ್ಯವೂ ಇರುತ್ತದೆ. ಕರ್ತನ ಭೋಜನದಲ್ಲಿ ನಾವು ಕರ್ತನ ಮರಣವನ್ನು ಸಾರುವುದು ಆತನು ಬರುವ ತನಕ. ಅಂದರೆ ಇನ್ನೂ ನೆರವೇರದುದನ್ನು ನಿರೀಕ್ಷಿಸುತ್ತಲೇ ಆದುದಕ್ಕಾಗಿ ಸ್ತೋತ್ರ ಮಾಡುತ್ತೇವೆ. ವಾಷಿಂಗ್ಟನ್ನಿನ ಬಿಡುಗಡೆಯಾದ ಜನರು 1866ರಲ್ಲಿ ಬೀದಿಗಿಳಿದು ಮಾಡಿದ್ದೂ ಇದನ್ನೇ. ಒಂದು ಕೈಯಲ್ಲಿ ಸ್ತೋತ್ರದ ಫಲಕ, ಇನ್ನೊಂದು ಕೈಯಲ್ಲಿ ಬೇಡಿಕೆಯ ಫಲಕ. ಬಿಡುಗಡೆ ಅರ್ಧವಾಗಿತ್ತೆಂದು ಅವರು ಅದನ್ನು ತಿರಸ್ಕರಿಸಲಿಲ್ಲ. ಬಿಡುಗಡೆಯಾಯಿತೆಂದು ಉಳಿದರ್ಧವನ್ನು ಬಿಟ್ಟುಕೊಡಲೂ ಇಲ್ಲ.

ಬೋಧಕರಾಗುವವರೂ ಆಗಿರುವವರೂ ಸ್ಮಾರಕ ಆರಾಧನೆಗಳನ್ನು ನಡೆಸುವವರು. ಸಂಸ್ಥೆಗಳ ಶತಮಾನೋತ್ಸವ, ದೇವಾಲಯಗಳ ವಾರ್ಷಿಕೋತ್ಸವ, ನಾಡಿನ ಸ್ವಾತಂತ್ರ್ಯದ ದಿನ ಇವೆಲ್ಲ ನಮ್ಮ ಪಂಚಾಂಗದಲ್ಲಿ ಬರುತ್ತಲೇ ಇರುತ್ತವೆ. ಅಂಥ ದಿನಗಳಲ್ಲಿ ಕಟ್ಟಿಸಿದವರ ಹೆಸರನ್ನು ಓದುವಂತೆಯೇ ದುಡಿದವರ ಹೆಸರನ್ನೂ ಹುಡುಕಿ ಓದಬೇಕೆಂದು, ಕೊಟ್ಟ ಹಣವನ್ನು ಸ್ಮರಿಸುವಾಗ ಅದು ಯಾರ ಕೈಗೆ ಸಂದಿತೆಂದು ಕೇಳಬೇಕೆಂದು ಏಪ್ರಿಲ್ 16 ನಮಗೆ ಬೋಧಿಸುತ್ತದೆ. ದೋಚಿದವನು ಈಡನ್ನು ಪಡೆಯುವುದು ನಾಚಿಕೆಗೇಡೆಂದ ನಾಜಿಯಾಂಜಸಿನ ಗ್ರೆಗೊರಿಯ ಸಿಟ್ಟನ್ನು ನಮ್ಮ ಸ್ತೋತ್ರಗಳೊಳಗೆ ಉಳಿಸಿಕೊಳ್ಳೋಣ. ಬಾಕಿಯುಳಿದವರ ಹೆಸರು ಓದಿಸಿಕೊಳ್ಳದ ಸ್ತೋತ್ರವು ದೇವರ ಮುಂದೆ ಪೂರ್ಣವಾಗಿ ನಿಲ್ಲಲಾರದು.